ಮೂರೇ ಜನರ ಮೇಳ: ಮ್ಯಾಜಿಕ್ ಸ್ಯಾಮ್ ಅವರ ಮಿಲ್ವಾಕೀ ಧ್ವನಿಮುದ್ರಣ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಕಪ್ಪುಜನರ ನಡುವೆ ಹುಟ್ಟಿದ ಬ್ಲೂಸ್ ಸಂಗೀತದ ಇತಿಹಾಸವನ್ನು ಸ್ಥೂಲವಾಗಿ ಪರಿಚಯಿಸಬೇಕೆಂದು ನಿಲಯದವರು ನನ್ನನ್ನು ಕೇಳಿಕೊಂಡಿದ್ದರು. ನನಗೆ ದೊರೆತಿರುವ ಅಲ್ಪ ಸಮಯದಲ್ಲಿ ಇತಿಹಾಸ ಹೇಳಹೊರಟರೆ ಹೆಸರುಗಳ ಪಟ್ಟಿಯೊಂದನ್ನು ಓದಿ ಎದ್ದುಹೋಗಬೇಕಾಗುತ್ತದೆ. ಅದರಿಂದ ನಿಮಗೂ ಪ್ರಯೋಜನವಿಲ್ಲ, ನನಗೂ ಉತ್ಸಾಹವಿಲ್ಲ. ಆದ್ದರಿಂದ ಅವರ ಅನುಮತಿಯನ್ನು ಪಡೆದು, ಒಬ್ಬರೇ ಗಿಟಾರ್ ವಾದಕರ ಒಂದೇ ಒಂದು ಕಛೇರಿಯ ಧ್ವನಿಮುದ್ರಣದ ಬಗ್ಗೆ ಮಾತನಾಡುತ್ತೇನೆ. ಆ ವಾದಕರ ಹೆಸರು ಮ್ಯಾಜಿಕ್ ಸ್ಯಾಮ್. ಕಛೇರಿ ನಡೆದದ್ದು 1968ರ ಜೂನ್ 22, ಶನಿವಾರ, ಮಿಲ್ವಾಕೀ ನಗರದ ಅವಾಂತ್ ಗಾರ್ಡ್ ಎಂಬ ಕಾಫಿ ಮನೆಯಲ್ಲಿ. ಅದು ಸಾರ್ವಜನಿಕರ ಕಿವಿಗೆ ಬಿದ್ದದ್ದು 2013ರಲ್ಲಿ, ಅಂದರೆ ನಲವತ್ತೈದು ವರ್ಷಗಳ ನಂತರ.

ಈ ಧ್ವನಿಮುದ್ರಣವನ್ನು ಕೇಳುವಾಗ ಒಂದು ಸಂಗತಿಯನ್ನು ಮಾತ್ರ ನೆನಪಿಡಿ ಎಂದು ಮೊದಲಿಗೇ ಕೇಳಿಕೊಳ್ಳುತ್ತೇನೆ. ವೇದಿಕೆಯ ಮೇಲಿದ್ದವರು ಮೂರೇ ಜನ. ಗಿಟಾರ್ ಹಿಡಿದು ಹಾಡುತ್ತಿದ್ದ ಸ್ಯಾಮ್, ಬೇಸ್ ಗಿಟಾರ್ ನುಡಿಸುತ್ತಿದ್ದ ಬಿಗ್ ಮೋಜೋ ಎಲೆಮ್, ಡ್ರಮ್ಸ್ ಮುಂದೆ ಕುಳಿತಿದ್ದ ಬಾಬ್ ರಿಚಿ. ಪಿಯಾನೊ ಇಲ್ಲ, ಸ್ಯಾಕ್ಸೊಫೋನ್ ಇಲ್ಲ, ಎರಡನೆಯ ಗಿಟಾರ್ ಸಹ ಇಲ್ಲ. ನಿಮ್ಮ ಕಿವಿಗೆ ಐದಾರು ಜನರ ಮೇಳದಂತೆ ಕೇಳಿಸಿದರೆ, ಆ ಹೆಚ್ಚುವರಿ ಜನರೆಲ್ಲ ಸ್ಯಾಮ್ ಅವರ ಬಲಗೈಯಲ್ಲಿದ್ದಾರೆ ಎಂದು ತಿಳಿಯಿರಿ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ. ಸ್ಯಾಮ್, ಅಂದರೆ ಸ್ಯಾಮ್ಯುಯೆಲ್ ಮ್ಯಾಗೆಟ್, ಹುಟ್ಟಿದ್ದು 1937ರ ಫೆಬ್ರವರಿ 14ರಂದು, ಮಿಸಿಸಿಪ್ಪಿ ರಾಜ್ಯದ ಗ್ರೆನೇಡಾದಲ್ಲಿ. ಹತ್ತಿ ಬೆಳೆಯುವ ಆ ಸೀಮೆಯಿಂದ ಲಕ್ಷಾಂತರ ಕಪ್ಪುಜನರು ಕೆಲಸವನ್ನೂ ಮರ್ಯಾದೆಯನ್ನೂ ಅರಸಿ ರೈಲು ಹತ್ತಿ ಉತ್ತರದ ಷಿಕಾಗೋ ನಗರಕ್ಕೆ ಬಂದರು. 1950ರ ದಶಕದಲ್ಲಿ ಹಾಗೆ ಬಂದವರಲ್ಲಿ ಈ ತರುಣರೂ ಒಬ್ಬರು. ನಗರದ ದಕ್ಷಿಣ ಭಾಗದಲ್ಲಿ ಅದಾಗಲೇ ಮಡ್ಡಿ ವಾಟರ್ಸ್ ಅವರಂತಹ ಹಿರಿಯರ ಮೇಳಗಳು ನೆಲೆಯೂರಿದ್ದವು. ಸ್ಯಾಮ್ ಬೆಳೆದದ್ದು ಪಶ್ಚಿಮ ಭಾಗದಲ್ಲಿ, ಓಟಿಸ್ ರಷ್ ಮತ್ತು ಬಡ್ಡಿ ಗೈ ಅವರ ಸಮಕಾಲೀನರಾಗಿ. ಅಲ್ಲಿನ ಪಾನಗೃಹಗಳು ಚಿಕ್ಕವು, ಮಾಲೀಕರು ಕೊಡುತ್ತಿದ್ದ ಹಣ ಇನ್ನೂ ಚಿಕ್ಕದು. ಆರು ಜನರಿಗೆ ಹಂಚಲಾಗದ ಸಂಭಾವನೆಯನ್ನು ಮೂವರಿಗೆ ಹಂಚಬಹುದು. ಸಂಗೀತ ವಿಮರ್ಶಕರು ‘ವೆಸ್ಟ್ ಸೈಡ್ ಶೈಲಿ’ ಎಂದು ಗಂಭೀರವಾಗಿ ಕರೆಯುವ ಶೈಲಿಯ ಒಂದು ಮೂಲ ಈ ಲೆಕ್ಕಾಚಾರದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಮೂರೇ ಜನರಿದ್ದಾಗ ಗಿಟಾರ್ ಸುಮ್ಮನಿರುವಂತಿಲ್ಲ. ಹಾಡಿನ ಹಿಂದೆ ಲಯ ಹಿಡಿಯಬೇಕು, ಹಾಡು ನಿಂತಲ್ಲಿ ಉತ್ತರ ಕೊಡಬೇಕು, ತನ್ನ ಸರದಿ ಬಂದಾಗ ಸ್ವತಂತ್ರವಾಗಿ ವಿಸ್ತರಿಸಬೇಕು, ಮತ್ತು ಇಷ್ಟೆಲ್ಲ ಮಾಡುವಾಗ ಲಯವನ್ನು ಒಂದು ಕ್ಷಣವೂ ಕೈಬಿಡಬಾರದು.

1957ರಲ್ಲಿ ಕೋಬ್ರಾ ಎಂಬ ಸಣ್ಣ ಕಂಪನಿಗಾಗಿ ಅವರು ಹಾಡಿದ ‘ಆಲ್ ಯುವರ್ ಲವ್’ ಹೆಸರು ತಂದಿತು. ಅನಂತರ ಸೈನ್ಯದ ಕಡ್ಡಾಯ ಸೇವೆಗೆ ಕರೆ ಬಂತು. ಅವರು ಅಲ್ಲಿಂದ ಹೇಳದೆ ಹೊರಟುಬಂದು ಸೆರೆಮನೆ ಸೇರಿದರು. ಬಿಡುಗಡೆಯಾದ ಮೇಲೆ ಮೊದಲಿನ ಓಟ ಮತ್ತೆ ಸಿಗಲು ವರ್ಷಗಳೇ ಹಿಡಿದವು. 1967ರಲ್ಲಿ ಷಿಕಾಗೋದ ಡೆಲ್‌ಮಾರ್ಕ್ ಕಂಪನಿಯ ಬಾಬ್ ಕೋಸ್ಟರ್ ಅವರು ‘ವೆಸ್ಟ್ ಸೈಡ್ ಸೋಲ್’ ಎಂಬ ಧ್ವನಿಮುದ್ರಿಕೆಯನ್ನು ಮಾಡಿಸಿದರು, ಮರುವರ್ಷದ ಕೊನೆಯಲ್ಲಿ ‘ಬ್ಲ್ಯಾಕ್ ಮ್ಯಾಜಿಕ್’ ಮುದ್ರಣವಾಯಿತು. ಇವೆರಡೂ ಶ್ರೇಷ್ಠ ಧ್ವನಿಮುದ್ರಿಕೆಗಳು, ನನ್ನದೇನೂ ತಕರಾರಿಲ್ಲ. ಆದರೆ ಎರಡರಲ್ಲಿಯೂ ಮೈಟಿ ಜೋ ಯಂಗ್ ಎಂಬ ಸಮರ್ಥ ವಾದಕರು ಎರಡನೆಯ ಗಿಟಾರ್ ಹಿಡಿದು ಪಕ್ಕದಲ್ಲಿದ್ದಾರೆ. ‘ಬ್ಲ್ಯಾಕ್ ಮ್ಯಾಜಿಕ್’ನಲ್ಲಿ ಪಿಯಾನೊ ಇದೆ, ಎಡ್ಡಿ ಶಾ ಅವರ ಸ್ಯಾಕ್ಸೊಫೋನ್ ಇದೆ. ಸ್ಟುಡಿಯೋದಲ್ಲಿ ಸ್ಯಾಮ್ ಅವರ ಹೊರೆಯನ್ನು ಇತರರು ಹಂಚಿಕೊಂಡಿದ್ದರು. ಮಿಲ್ವಾಕೀಯಲ್ಲಿ ಹಂಚಿಕೊಳ್ಳುವವರು ಯಾರೂ ಇರಲಿಲ್ಲ. ಮೂರೇ ಜನ.

ಇಲ್ಲಿ ನಾನು ತುಸು ನಿಲ್ಲಬೇಕು, ಏಕೆಂದರೆ ಮೂವರ ಮೇಳದ ಮಾತು ಬಂದಾಗ ಆ್ಯನ್ ಆರ್ಬರ್‌ನ ಪ್ರಸಂಗವನ್ನು ಹೇಳದೆ ಮುಂದೆ ಹೋಗುವುದು ನನ್ನಿಂದ ಸಾಧ್ಯವಿಲ್ಲ. 1969ರ ಆಗಸ್ಟ್ ಮೊದಲ ವಾರ, ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಆ್ಯನ್ ಆರ್ಬರ್ ಪಟ್ಟಣದ ಬಯಲಿನಲ್ಲಿ ಮೂರು ದಿನಗಳ ಬ್ಲೂಸ್ ಉತ್ಸವವನ್ನು ಏರ್ಪಡಿಸಿದ್ದರು. ಜಗತ್ತೆಲ್ಲ ಮಾತನಾಡಿಕೊಳ್ಳುವ ವುಡ್‌ಸ್ಟಾಕ್ ಉತ್ಸವ ನಡೆದದ್ದು ಅದಾದ ಎರಡು ವಾರಗಳಿಗೆ. ಅದರ ಬಗ್ಗೆ ಎಲ್ಲರಿಗೂ ಗೊತ್ತು, ಇದರ ಬಗ್ಗೆ ಬಲ್ಲವರು ವಿರಳ. ಈ ಅನ್ಯಾಯದ ಕುರಿತು ನಾನು ಬೇರೊಂದು ಭಾಷಣವನ್ನೇ ಮಾಡಬಲ್ಲೆ. ಆ್ಯನ್ ಆರ್ಬರ್‌ಗೆ ಬಂದಿದ್ದವರು ಯಾರು ಯಾರು? ಬಿ.ಬಿ. ಕಿಂಗ್, ಮಡ್ಡಿ ವಾಟರ್ಸ್, ಹೌಲಿನ್ ವುಲ್ಫ್, ಟಿ-ಬೋನ್ ವಾಕರ್, ಲೈಟ್ನಿನ್ ಹಾಪ್‌ಕಿನ್ಸ್, ಮತ್ತು ಇವರೆಲ್ಲರಿಗಿಂತ ಹಿಂದಿನ ತಲೆಮಾರಿನ ಸನ್ ಹೌಸ್. ಅಂಥವರ ನಡುವೆ ಸ್ಯಾಮ್ ಅವರಿಗೂ ಒಂದು ಸರದಿ ಸಿಕ್ಕಿತ್ತು. ರಾತ್ರಿಯ ಮುಖ್ಯ ಕಾರ್ಯಕ್ರಮ ಅವರದಾಗಿರಲಿಲ್ಲ. ಹಗಲು ಹೊತ್ತಿನಲ್ಲಿ ನುಡಿಸಿ ಹೋಗುವುದಿತ್ತು. ಅವರು ಬಂದದ್ದೂ ತಡವಾಗಿ. ಜೊತೆಯಲ್ಲಿ ಬೇಸ್ ನುಡಿಸಲು ಬ್ರೂಸ್ ಬಾರ್ಲೋ ಎಂಬ ಬಿಳಿಯ ತರುಣರಿದ್ದರು, ಡ್ರಮ್ಸ್ ನುಡಿಸುವವರು ಇರಲಿಲ್ಲ.

ಇದರ ಅರ್ಥವೇನೆಂದು ಸ್ವಲ್ಪ ಯೋಚಿಸಿ. ಮೃದಂಗವಿಲ್ಲದೆ ಕಛೇರಿಗೆ ಬಂದು ವೇದಿಕೆಯ ಪಕ್ಕ ನಿಂತ ಗಾಯಕರ ಸ್ಥಿತಿ ಅದು. ಅದೂ ಸಭೆಯಲ್ಲಿ ತಮ್ಮ ಕ್ಷೇತ್ರದ ಘಟಾನುಘಟಿಗಳು ಇರುವಾಗ. ಅದೃಷ್ಟಕ್ಕೆ ಉತ್ಸವದಲ್ಲಿ ಸ್ಯಾಮ್ ಲೇ ಎಂಬ ಡ್ರಮ್ ವಾದಕರಿದ್ದರು. ಹೌಲಿನ್ ವುಲ್ಫ್ ಅವರ ಮೇಳದಲ್ಲಿ ನುಡಿಸಿದ್ದವರು, 1965ರ ನ್ಯೂಪೋರ್ಟ್ ಜನಪದ ಸಂಗೀತ ಉತ್ಸವದಲ್ಲಿ ಗಾಯಕ ಬಾಬ್ ಡಿಲನ್ ಮೊದಲ ಬಾರಿಗೆ ವಿದ್ಯುತ್ ಗಿಟಾರ್ ಹಿಡಿದು ಬೈಗುಳ ತಿಂದಾಗ ಅವರ ಹಿಂದೆ ಕುಳಿತಿದ್ದವರು. ಅವರನ್ನೇ ಕರೆದುಕೊಂಡು ನಮ್ಮ ಸ್ಯಾಮ್ ವೇದಿಕೆ ಹತ್ತಿದರು. ತಾಲೀಮಿಗೆ ಸಮಯವೆಲ್ಲಿತ್ತು? ಬೇಕಾಗಿಯೂ ಇರಲಿಲ್ಲ. ಆ ಕಛೇರಿಯ ಧ್ವನಿಮುದ್ರಣವನ್ನು ಇಂದು ಕೇಳಿದರೆ, ಮೂರು ಜನರೂ ಒಬ್ಬರನ್ನೊಬ್ಬರು ಮುಂದಕ್ಕೆ ತಳ್ಳುತ್ತಾ ಹೋಗುವುದು ತಿಳಿಯುತ್ತದೆ. ಮತ್ತು ಆ ಮೂವರೂ ನಿಂತಿರುವುದು ಸ್ಯಾಮ್ ಅವರ ಬಲಗೈಯ ಲಯದ ಮೇಲೆ, ಏಕೆಂದರೆ ಆ ಒಂದು ಕೈ ಬೇಸ್ ವಾದಕರಿಗೂ ಡ್ರಮ್ ವಾದಕರಿಗೂ ಮುಂದಿನ ಹೆಜ್ಜೆ ಎಲ್ಲಿ ಬೀಳಬೇಕೆಂಬುದನ್ನು ನುಡಿಯುತ್ತಲೇ ಹೇಳಿಕೊಡುತ್ತಿದೆ. ‘ಐ ಫೀಲ್ ಸೋ ಗುಡ್’ ಎಂಬ ಹಾಡಿಗೆ ಬರುವ ಹೊತ್ತಿಗೆ ಸಭೆ ಕೂಗಾಡುತ್ತಿದೆ. ಹಗಲು ಹೊತ್ತಿನ ಸರದಿ ಸಿಕ್ಕಿದ ಮನುಷ್ಯ, ಕಡ ತಂದ ಡ್ರಮ್ ವಾದಕರೊಂದಿಗೆ, ಇಡೀ ಉತ್ಸವದ ಮಾತಾಗಿಬಿಟ್ಟರು. ಅದರ ಬೆನ್ನಿಗೆ ಆಹ್ವಾನಗಳು ಬಂದವು, ಯುರೋಪಿನ ಪ್ರವಾಸವೂ ಆಯಿತು. ಅದೇ ವರ್ಷದ ಡಿಸೆಂಬರ್ 1ರಂದು ಹೃದಯಾಘಾತದಿಂದ ಸ್ಯಾಮ್ ತೀರಿಕೊಂಡರು. ಉತ್ಸವ ಮುಗಿದು ನಾಲ್ಕು ತಿಂಗಳೂ ತುಂಬಿರಲಿಲ್ಲ. ವಯಸ್ಸು ಮೂವತ್ತೆರಡು.

ಆ್ಯನ್ ಆರ್ಬರ್‌ನ ಆ ಮುದ್ರಣ 1981ರಲ್ಲಿ, ಅಲೆಕ್ಸ್ ಕ್ಲಬ್ ಎಂಬ ಷಿಕಾಗೋದ ಪಾನಗೃಹದಲ್ಲಿ 1963-64ರಲ್ಲಿ ನಡೆದ ಮುದ್ರಣಗಳ ಜೊತೆಗೆ ಪ್ರಕಟವಾಯಿತು. ಅದರ ಶಬ್ದ ಒರಟು. ಕಂಠ ಕೆಲವೆಡೆ ಒಡೆಯುತ್ತದೆ, ತಾಳವಾದ್ಯಗಳು ಮಸುಕಾಗುತ್ತವೆ. ಒಳ್ಳೆಯ ಉಪಕರಣಗಳನ್ನು ಮನೆಯಲ್ಲಿಟ್ಟುಕೊಂಡಿರುವ ಮಿತ್ರರು ಇದನ್ನು ಕೇಳಿಸಿದೊಡನೆ ಮುಖ ಸಿಂಡರಿಸುತ್ತಾರೆ. ಅವರೊಡನೆ ವಾದ ಮಾಡಿ ನನಗೆ ಸಾಕಾಗಿದೆ. ಮಿಲ್ವಾಕೀಯ ಮುದ್ರಣ ನನಗೆ ಇಷ್ಟು ಮುಖ್ಯವಾಗಿರುವುದು ಇದೇ ಕಾರಣಕ್ಕೆ: ಅಲ್ಲಿ ಶಬ್ದ ಸ್ಪಷ್ಟವಾಗಿದೆ, ಮತ್ತು ಮೇಳ ಅಷ್ಟೇ ಚಿಕ್ಕದಾಗಿದೆ. ಇನ್ನು ಮುಖ ಸಿಂಡರಿಸಲು ನೆಪವಿಲ್ಲ.

ಅದನ್ನು ಮುದ್ರಿಸಿಕೊಂಡವರು ಜಿಮ್ ಚಾರ್ನ್ ಎಂಬ ಸಂಗೀತಪ್ರಿಯ ತರುಣ. ಮಿಷಿಗನ್ ಸರೋವರದ ದಂಡೆಯಲ್ಲಿ, ಷಿಕಾಗೋದಿಂದ ಉತ್ತರಕ್ಕೆ ಸುಮಾರು 145 ಕಿಲೋಮೀಟರ್ ದೂರದಲ್ಲಿರುವ ಮಿಲ್ವಾಕೀಯ ಆ ಕಾಫಿ ಮನೆಗೆ ಜನಪದ ಸಂಗೀತದ ಹಾಗೂ ಬ್ಲೂಸ್‌ನ ಕಲಾವಿದರು ಬಂದುಹೋಗುತ್ತಿದ್ದರು. ಪಾನಗೃಹದ ಗದ್ದಲಕ್ಕೂ ಕಾಫಿ ಮನೆಗೂ ವ್ಯತ್ಯಾಸವಿದೆ. ಇಲ್ಲಿಗೆ ಬಂದವರು ಕೂತು ಕೇಳುವವರು. ಆ ಗಮನ ಮುದ್ರಣದಲ್ಲೂ ಗೊತ್ತಾಗುತ್ತದೆ. ಚಾರ್ನ್ ಅವರು ಟೇಪನ್ನು ಉಳಿಸಿಕೊಂಡರು, ಡೆಲ್‌ಮಾರ್ಕ್ ಕಂಪನಿಯೇ ಕೊನೆಗೆ ಅದನ್ನು ಪ್ರಕಟಿಸಿತು. ತಮ್ಮ ಮನೆಯ ಅಟ್ಟದ ಮೇಲೆ ಹಳೆಯ ಸ್ಪೂಲ್ ಟೇಪುಗಳನ್ನೋ ಕ್ಯಾಸೆಟ್ಟುಗಳನ್ನೋ ಇಟ್ಟಿರುವ ಕೇಳುಗರು, ಅದರಲ್ಲಿ ಯಾರ ಕಛೇರಿ ಇದೆಯೆಂದು ನೋಡದೆ ಗುಜರಿಗೆ ಹಾಕಬೇಡಿ ಎಂದು ಈ ಸಂದರ್ಭದಲ್ಲಿ ವಿನಂತಿಸುತ್ತೇನೆ.

ಈಗ ಗಿಟಾರಿನ ವಿಷಯ, ಸಮಯ ಕಡಿಮೆ ಉಳಿದಿರುವುದರಿಂದ ಬೇಗನೆ ಹೇಳುತ್ತೇನೆ. ಬ್ಲೂಸ್ ಹಾಡಿನ ಸಾಮಾನ್ಯ ಚೌಕಟ್ಟು ಹನ್ನೆರಡು ಬಾರ್‌ಗಳದ್ದು. ಒಂದು ಬಾರ್‌ಗೆ ನಾಲ್ಕು ಎಣಿಕೆ, ಅಂದರೆ ಆದಿತಾಳದ ಅರ್ಧ ಆವರ್ತನದಷ್ಟು. ನಲವತ್ತೆಂಟು ಎಣಿಕೆಗೆ ಒಂದು ಸುತ್ತು ಮುಗಿಯುತ್ತದೆ, ಮತ್ತೆ ಮೊದಲಿನಿಂದ. ಒಳಗಿನ ನಡೆ ಹೆಚ್ಚಾಗಿ ನಮ್ಮ ತಿಶ್ರ ನಡೆಗೆ ಹತ್ತಿರವಾದ, ತೂಗುವಂತಹ ನಡೆ. ಅದನ್ನು ಅಲ್ಲಿ ಷಫಲ್ ಎನ್ನುತ್ತಾರೆ. ಇಷ್ಟು ತಿಳಿದರೆ ಸಾಕು. ಸ್ಯಾಮ್ ಈ ಚೌಕಟ್ಟಿನೊಳಗೆ ಕೆಳಗಿನ ತಂತಿಗಳಲ್ಲಿ ಲಯವನ್ನು ನಿಲ್ಲಿಸದೆ ಮೇಲಿನ ತಂತಿಗಳಲ್ಲಿ ಮಾತು ಹೇಳುತ್ತಾರೆ. ಬೇರೆ ವಾದಕರಾದರೆ ಸ್ವತಂತ್ರ ವಾದನ ಶುರುವಾದೊಡನೆ ಲಯವನ್ನು ಸಂಗಡಿಗರಿಗೆ ವಹಿಸಿ ಒಂಟಿ ಸ್ವರಗಳ ಹಿಂದೆ ಓಡುತ್ತಾರೆ. ಸ್ಯಾಮ್ ಒಂಟಿ ಸ್ವರಗಳ ಒಂದು ಸಾಲು ನುಡಿಸಿ, ಅದು ಮುಗಿಯುವಷ್ಟರಲ್ಲಿ ಸ್ವರಗುಚ್ಛಕ್ಕೆ ಮರಳಿರುತ್ತಾರೆ. ಖಾಲಿ ಜಾಗ ಕಾಣಿಸುವುದೇ ಇಲ್ಲ.

ಪರೀಕ್ಷಿಸಬೇಕೆನ್ನುವವರಿಗೆ ಒಂದು ದಾರಿ ಹೇಳುತ್ತೇನೆ. ಫ್ರೆಡ್ಡಿ ಕಿಂಗ್ ಎಂಬ ಬ್ಲೂಸ್ ಗಿಟಾರ್ ವಾದಕರು 1961ರಲ್ಲಿ ಮುದ್ರಿಸಿದ ‘ಸ್ಯಾನ್-ಹೋ-ಜೇ’ ಎಂಬ ವಾದ್ಯಕೃತಿಯನ್ನು ಸ್ಯಾಮ್ ‘ಬ್ಲ್ಯಾಕ್ ಮ್ಯಾಜಿಕ್’ನಲ್ಲಿಯೂ ನುಡಿಸಿದ್ದಾರೆ, ಅದಕ್ಕೆ ಕೆಲವು ತಿಂಗಳು ಮೊದಲು ಮಿಲ್ವಾಕೀಯಲ್ಲಿಯೂ ನುಡಿಸಿದ್ದರು. ಮಿಲ್ವಾಕೀಯಲ್ಲಿ ಬೇಸ್ ಹಿಡಿದಿದ್ದ ಮೋಜೋ ಎಲೆಮ್ ಹಿಂದೆ ಫ್ರೆಡ್ಡಿ ಕಿಂಗ್ ಅವರ ಜೊತೆಯಲ್ಲೇ ಇದ್ದವರು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಸ್ಟುಡಿಯೋದ್ದರಲ್ಲಿ ಮೇಳ ನುಡಿಸುತ್ತದೆ. ಮಿಲ್ವಾಕೀಯದರಲ್ಲಿ ಮೂರೇ ಜನ ಆ ಮೇಳದಷ್ಟೇ ಜಾಗವನ್ನು ತುಂಬುತ್ತಾರೆ.

ಅವರ ಕಂಠದ ಬಗ್ಗೆ, ಚರ್ಚಿನ ಗಾಯನದ ಛಾಯೆಯುಳ್ಳ ಆ ಎತ್ತರದ ದನಿಯ ಬಗ್ಗೆ, ಟ್ರೆಮೊಲೊ ಎಂಬ ಸಾಧನದಿಂದ ‘ಆಲ್ ಯುವರ್ ಲವ್’ನಲ್ಲಿ ಗಿಟಾರಿನ ನಾದ ನಡುಗುವ ಪರಿಯ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ. ಆ್ಯನ್ ಆರ್ಬರ್ ಆ ಸಮಯವನ್ನು ನುಂಗಿಹಾಕಿತು, ಅದಕ್ಕೆ ನನಗೆ ಬೇಸರವೂ ಇಲ್ಲ. ಒಂದು ಮಾತು ಮಾತ್ರ ಉಳಿದಿದೆ. ಬ್ಲೂಸ್ ಎಂದರೆ ಗೋಳಿನ ಹಾಡು ಎಂದು ನಂಬಿರುವವರು ನಮ್ಮಲ್ಲಿ ಬಹಳ. ಅಂಥವರು ಈ ಮುದ್ರಿಕೆಯ ‘ದಟ್ಸ್ ಆಲ್ ಐ ನೀಡ್’ ಎಂಬ ಹಾಡನ್ನು ಕೇಳಿದ ಮೇಲೂ ಅದೇ ಮಾತು ಹೇಳಿದರೆ ನನ್ನ ಬಳಿ ಉತ್ತರವಿಲ್ಲ.

ಮೊದಲ ಸಲ ಕೇಳುವವರು ಹಾಡಿನ ಸಾಹಿತ್ಯವನ್ನು ಹಿಡಿಯಲು ಹೆಣಗಬೇಡಿ, ಇಂಗ್ಲಿಷ್ ಉಚ್ಚಾರಣೆ ಅರ್ಥವಾಗಲಿಲ್ಲವೆಂದು ಎದ್ದುಹೋಗಲೂಬೇಡಿ. ಒಂದು ಸುತ್ತು ಡ್ರಮ್ಸ್ ಕೇಳಿ, ಮುಂದಿನ ಸುತ್ತು ಬೇಸ್ ಕೇಳಿ. ಎರಡನ್ನೂ ಗುರುತಿಸಿ ಪಕ್ಕಕ್ಕಿಟ್ಟ ಮೇಲೆ ಉಳಿಯುವ ಶಬ್ದವೆಲ್ಲ ಒಬ್ಬರದೇ. ನನ್ನ ಮಾತಿನ ನಂತರ ನಿಲಯದವರು ‘ಸ್ಯಾನ್-ಹೋ-ಜೇ’ಯ ಮಿಲ್ವಾಕೀ ಮುದ್ರಣವನ್ನು ಪೂರ್ತಿಯಾಗಿ ಪ್ರಸಾರ ಮಾಡಲು ಒಪ್ಪಿದ್ದಾರೆ, ನಡುವೆ ಕತ್ತರಿಸಬಾರದೆಂದು ನಾನು ಎರಡೆರಡು ಬಾರಿ ಕೇಳಿಕೊಂಡಿದ್ದೇನೆ. ದಯವಿಟ್ಟು ರೇಡಿಯೋದ ಧ್ವನಿಯನ್ನು ಸ್ವಲ್ಪ ಏರಿಸಿಕೊಳ್ಳಿ. ನಮಸ್ಕಾರ.