ಹೆಪ್ಪುಗಟ್ಟದ ಹಾಲು, ಇಳಿಯದ ಜ್ವರ

ಎಲ್ಲರಿಗೂ ನಮಸ್ಕಾರ.

ಕೆಚ್ಚಲು ಬಾವು ಬಂದ ಹಸುವಿಗೆ ಪೆನಿಸಿಲಿನ್ ಜಾತಿಯ ಔಷಧ ಕೊಟ್ಟ ಮರುದಿನ ಅದರ ಹಾಲಿಗೆ ಹೆಪ್ಪು ಹಾಕಿದರೆ, ಬೆಳಿಗ್ಗೆ ಮುಚ್ಚಳ ತೆಗೆದಾಗ ಹಾಲು ಬಹಳ ಸಲ ಹಾಲಾಗಿಯೇ ಇರುತ್ತದೆ. ಇಲ್ಲಿ ಕುಳಿತವರಲ್ಲಿ ಅನೇಕರು ಇದನ್ನು ಕಂಡಿರಬಹುದು; ಚಳಿ ಜಾಸ್ತಿಯಾಯಿತು, ಹೆಪ್ಪು ಕಡಿಮೆಯಾಯಿತು ಎಂದುಕೊಂಡಿರಬಹುದು. ಹೆಪ್ಪಿನಲ್ಲಿ ತಪ್ಪಿಲ್ಲ. ಮೊಸರು ಮಾಡುವುದು ಆಮ್ಲ ತಯಾರಿಸುವ ಬ್ಯಾಕ್ಟೀರಿಯಾ. ಹಾಲಿನಲ್ಲಿ ಉಳಿದ ಆಂಟಿಬಯೋಟಿಕ್ ಅವನ್ನು ಬೆಳೆಯಗೊಟ್ಟಿಲ್ಲ. ಆ ಹಾಲನ್ನು ಕುದಿಸಿದರೂ ಔಷಧ ಪೂರ್ತಿ ಹೋಗುವುದಿಲ್ಲ. ಇಷ್ಟು ದಿನ ಹಾಲು ಬಳಸಬೇಡಿ ಎಂದು ಔಷಧದ ಚೀಟಿಯಲ್ಲಿ ಬರೆದಿರುವುದು ಇದಕ್ಕೇ. ಅಷ್ಟೂ ದಿನ ನಾಲ್ಕೂ ಮೊಲೆಯ ಹಾಲನ್ನು ಚೆಲ್ಲಬೇಕು. ಬಾವು ಬಂದ ಒಂದರದ್ದನ್ನು ಮಾತ್ರ ಬಿಟ್ಟರೆ ಸಾಲದು, ಏಕೆಂದರೆ ಔಷಧ ರಕ್ತಕ್ಕೆ ಇಳಿದು ಉಳಿದ ಮೊಲೆಗಳಿಗೂ ಬರುತ್ತದೆ.

ನಮ್ಮ ಕರುಳಿನಲ್ಲಿ ನಡೆಯುವುದೂ ಇದೇ. ಗಂಟಲು ನೋವಿಗೆಂದು ನುಂಗಿದ ಆಂಟಿಬಯೋಟಿಕ್ ಗುಳಿಗೆ ಗಂಟಲಿಗಷ್ಟೇ ಹೋಗುವುದಿಲ್ಲ. ಕರುಳಿನಲ್ಲಿ ತಮ್ಮ ಪಾಡಿಗೆ ಇರುವ ಬ್ಯಾಕ್ಟೀರಿಯಾಗಳಲ್ಲಿ ಔಷಧಕ್ಕೆ ಸೋಲುವಂಥವು ಸಾಯುತ್ತವೆ. ಔಷಧ ತಡೆಯುವ ಜೀನ್ ಮೊದಲೇ ಇದ್ದ ಕೆಲವು ಉಳಿಯುತ್ತವೆ, ಖಾಲಿಯಾದ ಜಾಗದಲ್ಲಿ ಅವೇ ಹಬ್ಬುತ್ತವೆ. ಕರುಳಿನಲ್ಲಿರುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಪ್ರಯೋಗಾಲಯದ ಅನುಕೂಲದಲ್ಲಿ 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಆ ಲೆಕ್ಕದಲ್ಲಿ ಒಂದೇ ಬ್ಯಾಕ್ಟೀರಿಯಾ 7 ಗಂಟೆಯಲ್ಲಿ 20 ಲಕ್ಷ ದಾಟುತ್ತದೆ. ಕರುಳಿನಲ್ಲಿ ಇಷ್ಟು ವೇಗ ಇಲ್ಲ, ಆದರೆ ಅಲ್ಲಿ ಇನ್ನೊಂದು ಅಪಾಯ ಇದೆ: ಪ್ಲಾಸ್ಮಿಡ್ ಎಂಬ ಡಿಎನ್ಎ ಉಂಗುರದ ಮೂಲಕ ಈ ಜೀನ್ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತದೆ, ಬೇರೆ ಜಾತಿಯದಕ್ಕೂ. ತಿಂಗಳುಗಳ ನಂತರ ಮೂತ್ರದ ಸೋಂಕು ತರುವುದು ಕರುಳಿನಿಂದ ಬಂದ ಇದೇ ಇ. ಕೋಲೈ ಆಗಿರಬಹುದು. ‘ನನ್ನ ದೇಹಕ್ಕೆ ಈ ಔಷಧ ಒಗ್ಗಿಹೋಗಿದೆ’ ಎನ್ನುತ್ತಾರೆ. ಒಗ್ಗಿದ್ದು ಬ್ಯಾಕ್ಟೀರಿಯಾಕ್ಕೆ. ಅದು ಕೈಯಿಂದ, ನೀರಿನಿಂದ ಎಂದೂ ಗುಳಿಗೆ ನುಂಗದ ಮನುಷ್ಯನಿಗೂ ಬರುತ್ತದೆ.

ಫ್ಲೆಮಿಂಗ್ ಪೆನಿಸಿಲಿನ್ ಕಂಡದ್ದು 1928ರಲ್ಲಿ. ಅದನ್ನು ಕತ್ತರಿಸಿ ಹಾಕುವ ಕಿಣ್ವ ಬ್ಯಾಕ್ಟೀರಿಯಾದಲ್ಲಿದೆ ಎಂಬ ವರದಿ 1940ರಲ್ಲೇ ಬಂತು, ಔಷಧ ಜನಬಳಕೆಗೆ ಬರುವ ಮೊದಲೇ. ಔಷಧ ತಡೆಯುವ ಈ ಪ್ರತಿರೋಧ, ಬ್ಯಾಕ್ಟೀರಿಯಾದ ಹಳೆಯ ವಿದ್ಯೆ. ನಾವು ಅದಕ್ಕೆ ಅವಕಾಶ ಹೆಚ್ಚಿಸಿದ್ದೇವೆ.

ಈಗ ನಮ್ಮ ಘಟ್ಟದ ಜ್ವರಗಳ ವಿಷಯಕ್ಕೆ ಬರುತ್ತೇನೆ. ಅಡಿಕೆಯ ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣವನ್ನು ಬೇರುಹುಳಕ್ಕೆ ಯಾರೂ ಹೊಡೆಯುವುದಿಲ್ಲ. ತೋಟಕ್ಕೆ ಇರುವ ಈ ವಿವೇಕ ಮೈಗೂ ಬೇಕು. ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ, ಬೆಟ್ಟದಲ್ಲಿ ದರಕು ಗುಡಿಸುವ ಹೊತ್ತಿನಲ್ಲಿ ಉಣುಗು ಕಚ್ಚಿ ಬರುವುದು ಮಂಗನ ಕಾಯಿಲೆ. ಇದು ವೈರಸ್. ಯಾವ ಆಂಟಿಬಯೋಟಿಕ್ಕೂ ಇದಕ್ಕೆ ತಾಗುವುದಿಲ್ಲ. ಮಳೆಗಾಲದಲ್ಲಿ ಗದ್ದೆಯ ಕೆಸರಿನಿಂದ, ಇಲಿ ಮೂತ್ರ ಬೆರೆತ ನೀರಿನಿಂದ, ಒಡೆದ ಹಿಮ್ಮಡಿಯ ಮೂಲಕ ಒಳಸೇರುವುದು ಇಲಿ ಜ್ವರ, ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ. ಮೀನಖಂಡ ಮುಟ್ಟಲಾಗದಷ್ಟು ನೋವು, ಪಿಸುರಿಲ್ಲದೆ ಕೆಂಪಾದ ಕಣ್ಣು ಇದರ ಸುಳಿವು. ಮೂತ್ರ ಕಡಿಮೆಯಾದರೆ ತಡಮಾಡಬಾರದು. ಪೆನಿಸಿಲಿನ್, ಸೆಫ್ಟ್ರಿಯಾಕ್ಸೋನ್, ಡಾಕ್ಸಿಸೈಕ್ಲಿನ್ ಎಂಬ ಮೂರೂ ಆಂಟಿಬಯೋಟಿಕ್ ಇದಕ್ಕೆ ತಾಗುತ್ತವೆ.

ಮೂರನೆಯದು ಸ್ಕ್ರಬ್ ಟೈಫಸ್. ಪೊದೆ, ಹುಲ್ಲಿನಲ್ಲಿರುವ ನುಸಿಯ ಮರಿ ಕಚ್ಚಿದಲ್ಲಿ, ಕಂಕುಳಲ್ಲೋ ತೊಡೆಸಂದಿಯಲ್ಲೋ, ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ ಕಟ್ಟುತ್ತದೆ. ನೋವಿಲ್ಲದ್ದರಿಂದ ರೋಗಿ ಅದನ್ನು ಹೇಳುವುದೇ ಇಲ್ಲ, ಹುಡುಕಬೇಕು. ಎಲ್ಲರಲ್ಲೂ ಕಾಣಿಸುವುದೂ ಇಲ್ಲ. ಈ ಜ್ವರ ತರುವ ಬ್ಯಾಕ್ಟೀರಿಯಾ ನಮ್ಮ ಜೀವಕೋಶದ ಒಳಗೇ ಬದುಕುತ್ತದೆ. ಪೆನಿಸಿಲಿನ್, ಸೆಫ್ಟ್ರಿಯಾಕ್ಸೋನ್ ಜಾತಿಯ ಸೆಫಲೋಸ್ಪೋರಿನ್‌ಗಳು ಹಿಡಿದುಕೊಳ್ಳುವಂಥ ಗೋಡೆ ಇದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಎಷ್ಟು ದುಬಾರಿ ಸೆಫಲೋಸ್ಪೋರಿನ್ ಕೊಟ್ಟರೂ ಜ್ವರ ಇಳಿಯದು. ಡಾಕ್ಸಿಸೈಕ್ಲಿನ್ ಕೊಟ್ಟರೆ ಸಾಮಾನ್ಯವಾಗಿ 48 ಗಂಟೆಯಲ್ಲಿ ಇಳಿಯುತ್ತದೆ. ವೈದ್ಯರು ಅದನ್ನು ಬರೆದಾಗ ಒಂದು ಲೋಟ ನೀರಿನೊಂದಿಗೆ ಕುಳಿತು ನುಂಗಿ, ಅರ್ಧ ಗಂಟೆ ಮಲಗಬೇಡಿ; ಅನ್ನನಾಳದಲ್ಲಿ ನಿಂತರೆ ಹುಣ್ಣಾಗುತ್ತದೆ. ಕಬ್ಬಿಣದ ಮಾತ್ರೆ, ಹೊಟ್ಟೆ ಉರಿಯ ಆಂಟಾಸಿಡ್ ಜೊತೆಯಲ್ಲಿ ಬೇಡ, ಅವು ಔಷಧವನ್ನು ಕಟ್ಟಿಹಾಕುತ್ತವೆ.

ಜ್ವರ ಯಾವುದೆಂದು ತಿಳಿಯದೆ ಅಂಗಡಿಯಲ್ಲಿ ‘ಎರಡು ಗುಳಿಗೆ ಕೊಡಿ’ ಎಂದಾಗ ಜ್ವರದ ಕಾರಣ ಹಾಗೇ ಉಳಿಯುತ್ತದೆ, ಕರುಳಿನಲ್ಲಿ ಮಾತ್ರ ಔಷಧಕ್ಕೆ ಸೋಲದ ಬ್ಯಾಕ್ಟೀರಿಯಾಗಳ ಆಯ್ಕೆ ನಡೆದುಹೋಗುತ್ತದೆ. ಸೆಫಿಕ್ಸಿಮ್‌ನಂಥ ಆಂಟಿಬಯೋಟಿಕ್‌ಗಳನ್ನು ಶೆಡ್ಯೂಲ್ ಎಚ್1 ಎಂಬ ಕಾನೂನಿನ ಪಟ್ಟಿಗೆ ಸೇರಿಸಿದ ನಿಯಮ 2014ರ ಮಾರ್ಚ್ 1ರಿಂದ ಜಾರಿಯಲ್ಲಿದೆ: ವೈದ್ಯರ ಚೀಟಿ ಬೇಕು, ಅಂಗಡಿಯವರು ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು.

ಕೋರ್ಸ್ ಎಷ್ಟು ದಿನ ಎಂಬ ಪ್ರಶ್ನೆ ಪ್ರತಿ ಸಲವೂ ಬರುತ್ತದೆ. ಹೆಚ್ಚು ದಿನ ತಿಂದಷ್ಟೂ ಪ್ರತಿರೋಧ ಕಡಿಮೆ ಎಂಬ ನಂಬಿಕೆ ಸರಿಯಲ್ಲ. ಅನೇಕ ಸೋಂಕುಗಳಿಗೆ ಮೊದಲಿಗಿಂತ ಕಡಿಮೆ ದಿನ ಸಾಕೆಂದು ಈಗ ಗೊತ್ತಾಗಿದೆ. ಆದರೆ ಕ್ಷಯಕ್ಕೆ ಈ ಮಾತು ಅನ್ವಯಿಸದು. ಅಲ್ಲಿ ತಿಂಗಳುಗಟ್ಟಲೆಯ ಚಿಕಿತ್ಸೆ ನಡುವೆ ನಿಲ್ಲಿಸುವಂತಿಲ್ಲ. ದಿನ ನಿರ್ಧರಿಸುವುದು ವೈದ್ಯರ ಕೆಲಸ, ಉಳಿದ ಗುಳಿಗೆಯನ್ನು ಅಲಮಾರಿನಲ್ಲಿ ಮುಂದಿನ ಜ್ವರಕ್ಕೆ ಇಡದಿರುವುದು ನಮ್ಮ ಕೆಲಸ.

ರೋಗಿಯ ಬ್ಯಾಕ್ಟೀರಿಯಾ ಯಾವ ಔಷಧಕ್ಕೆ ಸೋಲುತ್ತದೆ ಎಂದು ಹೇಳುವ ಕಲ್ಚರ್ ರಿಪೋರ್ಟ್ ಹೇಗೆ ಹುಟ್ಟುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ಅಂಗೈ ಅಗಲದ ತಟ್ಟೆಯಲ್ಲಿ 4 ಮಿ.ಮೀ. ದಪ್ಪಕ್ಕೆ ಅಗರ್ ಇರುತ್ತದೆ. ಅಗರ್ ಎಂದರೆ ಕೆಂಪು ಕಡಲಪಾಚಿಯಿಂದ ತೆಗೆದ ಅಂಟು. ಅದರ ಮೇಲೆ ರೋಗಿಯ ಬ್ಯಾಕ್ಟೀರಿಯಾ ಸವರಿ, ಔಷಧ ಹೀರಿದ ಪುಟ್ಟ ಕಾಗದದ ಬಿಲ್ಲೆಗಳನ್ನಿಟ್ಟು, 35 ಡಿಗ್ರಿಯಲ್ಲಿ 16ರಿಂದ 18 ಗಂಟೆ ಬಿಡುತ್ತಾರೆ. ಬೆಳಿಗ್ಗೆ ತಟ್ಟೆ ತುಂಬ ಮಂಜಿನಂಥ ಪದರ. ಔಷಧ ಗೆದ್ದ ಬಿಲ್ಲೆಯ ಸುತ್ತ ಸ್ವಚ್ಛ ವೃತ್ತ. ಅದನ್ನು ಅಳೆಯುತ್ತಾರೆ. ದೊಡ್ಡ ವೃತ್ತದ ಔಷಧವೇ ಒಳ್ಳೆಯದೆಂದು ರೋಗಿಗಳು ತಿಳಿಯುತ್ತಾರೆ, ಹಾಗಲ್ಲ. ಇ. ಕೋಲೈಗೆ ಸಿಪ್ರೊಫ್ಲಾಕ್ಸಾಸಿನ್ 21 ಮಿ.ಮೀ. ಬಂದರೆ ‘ಆರ್’, ಸೋತಿದೆ. ನೈಟ್ರೊಫ್ಯುರಾಂಟೊಯಿನ್ 18 ಬಂದರೂ ‘ಎಸ್’, ಗೆದ್ದಿದೆ. ಪ್ರತಿ ಔಷಧಕ್ಕೂ ಅದರದೇ ಅಳತೆ. ಜೊತೆಗೆ ನೈಟ್ರೊಫ್ಯುರಾಂಟೊಯಿನ್ ಮೂತ್ರಕೋಶದ ಸೋಂಕಿಗಷ್ಟೇ. ರಕ್ತದಲ್ಲಿ ಸಾಕಷ್ಟು ಮಟ್ಟಕ್ಕೆ ಏರುವುದಿಲ್ಲ.

ಈ ತಟ್ಟೆ ಸರಿ ಹೇಳಬೇಕಾದರೆ ಮಾದರಿ ಸರಿಯಿರಬೇಕು. ಮೊದಲ ಗುಳಿಗೆಗೆ ಮುಂಚೆ ತೆಗೆದುಕೊಳ್ಳಬೇಕು. ತೊಳೆದುಕೊಂಡು, ಮೊದಲ ಹನಿಗಳನ್ನು ಬಿಟ್ಟು, ನಡುವಿನ ಮೂತ್ರವನ್ನು ಲ್ಯಾಬ್ ಕೊಟ್ಟ ಡಬ್ಬಿಯಲ್ಲೇ ಹಿಡಿಯಬೇಕು, ಮನೆಯ ಬಾಟಲಿ ಬೇಡ. 2 ಗಂಟೆಯೊಳಗೆ ತಲುಪಬೇಕು. ಜೋಯಿಡಾದ ಹಳ್ಳಿಯಿಂದ ಕಾರವಾರಕ್ಕೆ ಬಸ್ಸಿನಲ್ಲಿ ಬರುವ ಡಬ್ಬಿಗೆ ಅದು ಕಷ್ಟ. ಆ ಸೆಕೆಯಲ್ಲಿ ಬ್ಯಾಕ್ಟೀರಿಯಾ ಹೆಚ್ಚಿ, ಮಿಲಿಲೀಟರಿಗೆ ಹತ್ತು ಸಾವಿರ ಇದ್ದದ್ದು ಲಕ್ಷ ದಾಟಿ, ಇಲ್ಲದ ಸೋಂಕು ಇದೆಯೆಂದು ಬರುತ್ತದೆ. ಐಸ್ ಪ್ಯಾಕ್ ಜೊತೆಗೆ, ಮಂಜುಗಡ್ಡೆಯಾಗದಂತೆ, 4 ಡಿಗ್ರಿಯ ಆಸುಪಾಸು ಇಟ್ಟರೆ 24 ಗಂಟೆ ತಡೆಯುತ್ತದೆ. ರಕ್ತದ ಕಲ್ಚರ್ ಬಾಟಲಿಗೆ ಇದು ಪೂರ್ತಿ ಉಲ್ಟಾ. ದೊಡ್ಡವರಿಗೆ ಬಾಟಲಿಗೆ 8ರಿಂದ 10 ಮಿ.ಲೀ. ರಕ್ತ ತುಂಬಿದ ಮೇಲೆ ಅದನ್ನು ಫ್ರಿಜ್ಜಿಗೆ ಇಡಲೇಬಾರದು, ನಾಜೂಕಿನ ಬ್ಯಾಕ್ಟೀರಿಯಾ ಚಳಿಗೆ ಸತ್ತುಹೋಗುತ್ತವೆ. ಎರಡರ ಮೇಲೂ ತೆಗೆದ ಗಂಟೆ ಬರೆಯಿಸಿ. ಮೊದಲೇ ಏನಾದರೂ ನುಂಗಿದ್ದರೆ ಆ ಗುಳಿಗೆಯ ಖಾಲಿ ಹಾಳೆಯನ್ನೂ ಕೈಯಲ್ಲಿ ಹಿಡಿದು ಬನ್ನಿ.