ಸಹಾರಾ ಅಂದರೇನೇ ಮರುಭೂಮಿ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರು ಸ್ವಲ್ಪ ಮುಂದೆ ಬಂದು ಕೂತರೆ ನನ್ನ ಗಂಟಲು ಉಳಿಯುತ್ತದೆ.

ಚಿಕ್ಕಮಗಳೂರಿಗೆ ಹೋಗಿಬಂದವರು "ಮುಳ್ಳಯ್ಯನಗಿರಿ ಬೆಟ್ಟ ಹತ್ತಿದ್ವಿ" ಅನ್ನುತ್ತಾರೆ. ಗಿರಿ ಅಂದರೂ ಬೆಟ್ಟವೇ ಅಲ್ವಾ? ಆದರೂ ಯಾರೂ ನಗುವುದಿಲ್ಲ, ಗಿರಿ ಅನ್ನುವುದು ಹೆಸರಿನೊಳಗೆ ಕರಗಿಹೋಗಿದೆ. ಇಂಗ್ಲಿಷಿನವರು 'ಸಹಾರಾ ಡೆಸರ್ಟ್' ಅನ್ನುವುದೂ ಇದೇ ಥರ. ಅರಬ್ಬಿಯಲ್ಲಿ 'ಸಹ್ರಾ' ಅಂದರೆ ಮರುಭೂಮಿ, ಯಾವ ಮರುಭೂಮಿಯಾದರೂ ಸರಿ. 'ಸಹಾರಾ' ಅದರ ಬಹುವಚನ. ಅಂದರೆ 'ಸಹಾರಾ ಡೆಸರ್ಟ್' ಅನ್ನುವುದನ್ನು ಬಿಡಿಸಿದರೆ 'ಮರುಭೂಮಿಗಳು ಮರುಭೂಮಿ' ಅಂತಾಗುತ್ತದೆ! ಅರಬ್ಬಿ ಮಾತಾಡುವವರು ಇದನ್ನೇ ಬೇರೆ ಮರುಭೂಮಿಗಳಿಂದ ಬೇರ್ಪಡಿಸಿ ಹೇಳಬೇಕಾದರೆ 'ಅಸ್ಸಹ್ರಾ ಅಲ್‌ಕುಬ್ರಾ', ದೊಡ್ಡ ಮರುಭೂಮಿ, ಅನ್ನುತ್ತಾರೆ. ಹಿಂದಿಯ 'ಸಹಾರಾ', ಅಂದರೆ ಆಸರೆ, ಅದು ಬೇರೆಯೇ ಪದ. ನೀರಿಲ್ಲದ ಜಾಗಕ್ಕೆ ಆಸರೆ ಅಂತ ಯಾರು ಹೆಸರಿಡುತ್ತಾರೆ ಹೇಳಿ.

ಗೋಬಿ ಮರುಭೂಮಿಯದ್ದೂ ಹೆಚ್ಚುಕಮ್ಮಿ ಇದೇ ಕಥೆ. ಮಂಗೋಲಿಯನ್ ಭಾಷೆಯಲ್ಲಿ ಗೋಬಿ ಅಂದರೆ ಜಲ್ಲಿಕಲ್ಲಿನ ಒಣ ಬಯಲು. ನಮಗಂತೂ ಗೋಬಿ ಅಂದ ಕೂಡಲೇ ಸಂಜೆಯ ತಳ್ಳುಗಾಡಿ, ಕೆಂಪಗೆ ಹುರಿದ ಮಂಚೂರಿ ನೆನಪಾಗುತ್ತದೆ. ಭೂಪಟ ತೆಗೆದು ನೋಡಿ, ಗೋಬಿಯ ಪೂರ್ವಕ್ಕೆ ಮಂಚೂರಿಯಾ ಇದೆ. ಹೂಕೋಸಿಗೂ ಇದಕ್ಕೂ ಏನೂ ಸಂಬಂಧವಿಲ್ಲ, ಸುಮ್ನೆ ಹೇಳಿದೆ.

ಸಹಾರಾ ವಿಷಯದಲ್ಲಿ ಇಂಗ್ಲಿಷ್ ಮಾಡಿದ್ದು ಏನು ಅಂದರೆ, ಎಲ್ಲರೂ ದಿನಾ ಬಳಸುವ ಒಂದು ಮಾತನ್ನು ಎತ್ತಿಕೊಂಡು ಹೋಗಿ ಸುಮಾರು 92 ಲಕ್ಷ ಚದರ ಕಿಲೋಮೀಟರಿಗೆ ಒಂದೇ ಹೆಸರಾಗಿ ಅಂಟಿಸಿತು. ಅಲ್ಲಿ ಬದುಕುವವರಿಗೆ ಅದು ಒಂದೇ ಜಾಗ ಅಲ್ಲ. ಮರಳಿನ ದಿಬ್ಬಗಳಿದ್ದರೆ ಎರ್ಗ್. ಜಲ್ಲಿ ಹರಡಿದ ಬಯಲಾದರೆ ರೆಗ್. ಬರೀ ಬಂಡೆಯ ಹಾಸಾದರೆ ಹಮಾದಾ. ಮರಳು ಇರುವುದು ಹೆಚ್ಚೆಂದರೆ ಕಾಲು ಭಾಗ, ಆದ್ದರಿಂದ ನಮ್ಮ 'ಮರಳುಗಾಡು' ಎರ್ಗ್‌ಗೆ ಮಾತ್ರ ಸರಿಹೊಂದುತ್ತದೆ. 'ಮರುಭೂಮಿ' ಪರವಾಗಿಲ್ಲ, ಅದರಲ್ಲಿರುವ ಸಂಸ್ಕೃತದ 'ಮರು'ವಿಗೂ ಮರಳಿಗೂ ನಂಟಿಲ್ಲ. ಇನ್ನು ನೈಜರ್ ದೇಶದ ಕಡೆ ತುವಾರೆಗ್ ಜನ ತಮ್ಮ ಬಯಲನ್ನು 'ಟೆನೆರೆ' ಅನ್ನುತ್ತಾರೆ. ಅದರ ಅರ್ಥವೂ ಮರುಭೂಮಿಯೇ! ಇಂಗ್ಲಿಷ್ ಭೂಪಟದಲ್ಲಿ ಅದು ಟೆನೆರೆ ಡೆಸರ್ಟ್ ಆಗಿ, ಸಹಾರಾ ಡೆಸರ್ಟಿನ ಹೊಟ್ಟೆಯೊಳಗೆ ಕೂತಿದೆ. ಎಷ್ಟು ಸಲ ಹೇಳುತ್ತೀರಪ್ಪ.

ನನಗೆ ಇದೆಲ್ಲಕ್ಕಿಂತ ಇಷ್ಟವಾದ ಪದ 'ಸಾಹೆಲ್'. ಸಹಾರಾದ ದಕ್ಷಿಣದ ಅಂಚಿನ ಹುಲ್ಲುಗಾವಲಿನ ಪಟ್ಟಿ ಅದು. ಅರಬ್ಬಿಯಲ್ಲಿ ಸಾಹಿಲ್ ಅಂದರೆ ದಡ, ಕರಾವಳಿ. ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯ ಹೆಸರೂ ಇದೇ ಮಾತಿನಿಂದ ಬಂದದ್ದು, ಕರಾವಳಿಯವರ ಭಾಷೆ ಅಂತ. ಅಲ್ಲಿ ನಿಜವಾದ ಸಮುದ್ರ ಇದೆ. ಇಲ್ಲಿ? ಇಲ್ಲಿ ಮರುಭೂಮಿಯೇ ಸಮುದ್ರ. ಒಂಟೆಯನ್ನು ಮರುಭೂಮಿಯ ಹಡಗು ಅಂತ ನಾವು ಶಾಲೆಯಲ್ಲಿ ಉರುಹೊಡೆದೆವಲ್ಲ, ಹಡಗು ಇದ್ದರೆ ದಡ ಬೇಡವೇ?

ಎರಡೂ ಥರದ ದಡ ನೋಡಿದವನೊಬ್ಬ ಇದ್ದ, ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತಾ. 1340ರ ದಶಕದಲ್ಲಿ ನಮ್ಮ ಹೊನ್ನಾವರಕ್ಕೆ ಬಂದಿದ್ದ, ಅಲ್ಲಿಯ ಸುಲ್ತಾನನ ಮನೆಯ ಅನ್ನ, ತುಪ್ಪ, ಉಪ್ಪಿನಕಾಯಿಯ ಊಟವನ್ನು ಬಿಡದೆ ವರ್ಣಿಸಿದ್ದಾನೆ. ಮಂಗಳೂರನ್ನೂ ನೋಡಿದ. ಆಮೇಲೆ 1352ರಲ್ಲಿ ಮೊರಾಕ್ಕೊದ ಸಿಜಿಲ್ಮಾಸಾದಿಂದ ವ್ಯಾಪಾರಿಗಳ ಒಂಟೆಸಾಲಿನ ಜೊತೆ ಹೊರಟು, 25 ದಿನಕ್ಕೆ ತಗಾಜಾ ಅನ್ನುವ ಊರು ಸೇರಿದ. ಅಲ್ಲಿ ಮರವೇ ಇಲ್ಲ, ಮನೆಯ ಗೋಡೆಗಳು ಉಪ್ಪಿನ ಗಡ್ಡೆಯವು, ಮೇಲೆ ಒಂಟೆ ಚರ್ಮದ ಹೊದಿಕೆ. ಆ ಉಪ್ಪು ದಕ್ಷಿಣಕ್ಕೆ ಹೋಗುತ್ತಿತ್ತು, ಅಲ್ಲಿಂದ ಚಿನ್ನ ಬರುತ್ತಿತ್ತು, ಗುಲಾಮರನ್ನೂ ತರುತ್ತಿದ್ದರು. ಹೊರಟ ಎರಡು ತಿಂಗಳಿಗೆ ವಲಾತಾ ಮುಟ್ಟಿದ, ಅಂದರೆ ಆಚೆಯ ಬಂದರು ಅನ್ನಿ.

ಸಮುದ್ರದ ಹಾಗೆ ಜನ ದಾಟುತ್ತಿದ್ದ ಈ ಜಾಗವನ್ನು ಇವತ್ತಿನ ಇಂಗ್ಲಿಷ್ ಗೋಡೆ ಮಾಡಿಬಿಟ್ಟಿದೆ. 'ಸಬ್-ಸಹಾರನ್ ಆಫ್ರಿಕಾ', ಸಹಾರಾದ ಕೆಳಗಿನ ಆಫ್ರಿಕಾ. ವರದಿ, ಸುದ್ದಿ, ಪಠ್ಯಪುಸ್ತಕ, ಎಲ್ಲಾ ಕಡೆ ಇದೇ. ಮೊದಲು 'ಕಪ್ಪು ಆಫ್ರಿಕಾ' ಅನ್ನುತ್ತಿದ್ದರು, ಆ ಮಾತು ಬಾಯಲ್ಲಿ ಆಡಲು ಮುಜುಗರ ಆಗತೊಡಗಿದ ಮೇಲೆ ಭೂಗೋಳದ ಅಂಗಿ ತೊಡಿಸಿದರು ಅಂತ ನನ್ನ ಅನಿಸಿಕೆ. ಯಾಕೆ ಅನಿಸುತ್ತದೆ ಅಂದರೆ ಲೆಕ್ಕ ಕೂಡುವುದಿಲ್ಲ. ಜಿಬೂಟಿ ಸಹಾರಾಕ್ಕಿಂತ ದಕ್ಷಿಣದಲ್ಲಿದೆ, ವಿಶ್ವಬ್ಯಾಂಕಿನ ಪಟ್ಟಿಯಲ್ಲಿ ಅದು ಮಧ್ಯಪ್ರಾಚ್ಯದ ಜೊತೆ. ಸುಡಾನ್ ವಿಶ್ವಸಂಸ್ಥೆಯ ಅಂಕಿಅಂಶ ವಿಭಾಗಕ್ಕೆ ಉತ್ತರ ಆಫ್ರಿಕಾ, ವಿಶ್ವಬ್ಯಾಂಕಿಗೆ ಸಬ್-ಸಹಾರನ್. ಮಾರಿಟಾನಿಯಾದ ನೆಲದಲ್ಲಿ ಹೆಚ್ಚಿನ ಪಾಲು ಸಹಾರಾದೊಳಗೇ ಇದೆ, ವಿಶ್ವಬ್ಯಾಂಕಿನ ಪಟ್ಟಿಯಲ್ಲಿ ಅದೂ ಸಹಾರಾದ 'ಕೆಳಗೆ'.

ಇಬ್ನ್ ಬತೂತಾ ಇಳಿದ ವಲಾತಾ ಈಗಲೂ ಇದೆ, ಮಾರಿಟಾನಿಯಾದಲ್ಲೇ. ಕೆಂಪು ಮಣ್ಣು ಮೆತ್ತಿದ ಗೋಡೆಗಳ ಮೇಲೆ ಅಲ್ಲಿನ ಹೆಂಗಸರು ಚಿತ್ತಾರ ಬರೆಯುತ್ತಾರೆ. ಊರ ಸುತ್ತ ಮರುಭೂಮಿ.