ಡಬ್ಬಾ ಟಿವಿ ಗುಜರಿಗೆ, ಚಾನೆಲ್ ವಿ ಅದಕ್ಕೂ ಮುಂಚೆ

ಬನ್ನಿ ಬನ್ನಿ. ದಾವಣಗೆರೆ ಮನೆ, ಸ್ಟೋರ್ ರೂಮ್ ಖಾಲಿ ಮಾಡುವ ದಿನ. ಹಿಂದೆ ಕೇಳಿಸುತ್ತಿರುವ ಬೈಗುಳ ಅಮ್ಮನದು. ಬೈಯುತ್ತಿರುವುದು ನನಗೇ.

ಈ ರಿಮೋಟ್ ನೋಡಿ. ರಬ್ಬರ್ ಬ್ಯಾಂಡ್ ಬಿಗಿದಿದೆ. 5 ಮತ್ತು 6 ಮಾತ್ರ ಸವೆದು ನುಣ್ಣಗಾಗಿವೆ. ನಮ್ಮ ಕೇಬಲ್‌ನಲ್ಲಿ ಚಾನೆಲ್ ವಿ ಬರುತ್ತಿದ್ದದ್ದು 56ರಲ್ಲಿ. ಕತ್ತಲಲ್ಲೂ ಒತ್ತುತ್ತಿದ್ದೆ.

ನಮ್ಮ ಮಾವನ ಪ್ರಕಾರ ನಾನು ನೋಡಿದ್ದು ವಿ ಅಲ್ಲವೇ ಅಲ್ಲ. ನಿಜವಾದ ವಿ ಅಂದರೆ, 1994ರಲ್ಲಿ ಎಂಟಿವಿ ಅನ್ನೋ ಹಾಡಿನ ಚಾನೆಲ್ ಸ್ಟಾರ್ ಟಿವಿ ಕಂಪನಿಯನ್ನು ಬಿಟ್ಟು ಹೋಯಿತಲ್ಲ, ಆ ಜಾಗಕ್ಕೆ ಬಂದ ಹಾಡಿನ ಚಾನೆಲ್. ಮಾವನಿಗೆ ವಿ ಅಂದರೆ ಕ್ವಿಕ್ ಗನ್ ಮುರುಗನ್. ಕೌಬಾಯ್ ವೇಷ, ‘ಮೈಂಡ್ ಇಟ್’ ಡೈಲಾಗ್. ಹಾಡುಗಳ ಮಧ್ಯೆ ಬಂದು ಹೋಗುತ್ತಿದ್ದ ಪಾತ್ರ, 2009ರಲ್ಲಿ ಸಿನಿಮಾನೇ ಆಯಿತು. 2002ರಲ್ಲಿ ಇದೇ ಚಾನೆಲ್ ಸ್ಪರ್ಧೆ ನಡೆಸಿ ‘ವೀವಾ’ ಅಂತ ಐದು ಹುಡುಗಿಯರ ಬ್ಯಾಂಡ್ ಕಟ್ಟಿತ್ತು.

ಆಮೇಲೆ 2012ರ ಜುಲೈನಲ್ಲಿ ಹಾಡನ್ನೇ ತೆಗೆದು ಪೂರ್ತಿ ಹಿಂದಿ ಸೀರಿಯಲ್ ತುಂಬಿದರು. ದಡ್ಡ ಕೆಲಸ. ಇಡ್ಲಿ ಹೋಟೆಲಿನವನು ಇಡ್ಲಿ ಬಿಟ್ಟ ಹಾಗೆ.

ಅಯ್ಯೋ, ಗುಜರಿಯವನು ಬಂದ. ತಡೆಯಿರಿ.

120 ರೂಪಾಯಿ! ಅಪ್ಪ 11,000 ಕೊಟ್ಟು ತಂದ ಟಿವಿ ಇದು. ಮೂರು ಕಂತು. ಕೇಳಿದರೆ, “ಅಕ್ಕಾ, ಪಿಕ್ಚರ್ ಟ್ಯೂಬ್ ಯಾರಿಗೂ ಬೇಡ. ಒಳಗಿನ ತಾಮ್ರಕ್ಕೆ ಅಷ್ಟೇ ದುಡ್ಡು” ಅಂತಾನೆ. 200 ಕೊಡು ಅಂದೆ. ನಕ್ಕ. ತೂಕ ಹಾಕು ಅಂದೆ. “ಗಾಜಿಗೆ ತೂಕ ಹಾಕಲ್ಲ ಅಕ್ಕಾ.” ನಾನೂ ಅವನೂ ಹಿಡಿದು ಹದಿನಾಲ್ಕು ಮೆಟ್ಟಿಲು ಇಳಿಸಿದೆವು, ನನ್ನ ಹೆಬ್ಬೆರಳು ಗೋಡೆಗೆ ಸಿಕ್ಕಿ ಉಗುರು ನೀಲಿ. ಹೊರುವ ಕೂಲಿ ನಾನೇ ಕೇಳಬೇಕಿತ್ತು, ಅಲ್ವಾ? ನಿನ್ನೆ ಬಂದ ಇನ್ನೊಬ್ಬ ಹೇಳಿದ್ದು 150. ಅವನನ್ನು ಜಂಬದಲ್ಲಿ ವಾಪಸ್ ಕಳಿಸಿದವಳೂ ನಾನೇ.

ಎಲ್ಲಿದ್ದೆ? ಹಾಂ, ಸೀರಿಯಲ್. ಸುಳ್ಳು ಯಾಕೆ ಹೇಳಲಿ, ‘ದಿಲ್ ದೋಸ್ತಿ ಡ್ಯಾನ್ಸ್’ ಒಂದು ದಿನ ತಪ್ಪಿಸಿಲ್ಲ. ಅದರ ಜೋಡಿ ಸ್ವಯಂ, ಶ್ಯಾರನ್ ಜಗಳ ಆಡಿದರೆ ನನಗೆ ಊಟ ಸೇರುತ್ತಿರಲಿಲ್ಲ. ಹಿಂದಿ ಅರ್ಧ ತಿಳಿಯುತ್ತಿತ್ತು, ಕುಣಿತ ಪೂರ್ತಿ. ಆಮೇಲೆ 2013ರಲ್ಲಿ ‘ಸಡ್ಡಾ ಹಕ್’. ಮನೆಯವರು ಬೇಡ ಅಂದರೂ ಸಂಯುಕ್ತಾ ಮೆಕ್ಯಾನಿಕಲ್ ಓದುತ್ತಾಳೆ. ಅದನ್ನು ನೋಡಿಯೇ ನಾನು ಮೆಕ್ಯಾನಿಕಲ್ ಹಿಡಿದೆ ಅಂತ ಅಪ್ಪ ಈಗಲೂ ಕಿಚಾಯಿಸುತ್ತಾರೆ. ಪೂರ್ತಿ ಸುಳ್ಳಲ್ಲ. ಹಾಗಾದರೆ ದಡ್ಡ ಕೆಲಸ ಅಂದದ್ದು ವಾಪಸ್. ಅರ್ಧ ವಾಪಸ್.

2016ರಲ್ಲಿ ಸೀರಿಯಲ್ ನಿಲ್ಲಿಸಿ ಮತ್ತೆ ಹಾಡು ಹಾಕಿದರು. ಆಗ ಹಾಡು ಬೇಕಾಗಿದ್ದವರ ಕೈಯಲ್ಲಿ ಫೋನ್ ಇತ್ತು. ಬೇಕಾದ ಹಾಡು ಬೇಕಾದಾಗ ಸಿಕ್ಕರೆ, ಬರಲಿ ಅಂತ ಯಾರು ಕಾಯ್ತಾರೆ? 2018ರ ಸೆಪ್ಟೆಂಬರ್ 15ಕ್ಕೆ ಬಾಗಿಲು ಹಾಕಿತು, ಆ ಜಾಗಕ್ಕೆ ಸ್ಪೋರ್ಟ್ಸ್ ಚಾನೆಲ್ ಬಂತು. ನನಗೆ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ. ಹಾಸ್ಟೆಲ್‌ನಲ್ಲಿ ಟಿವಿ ರೂಮಿಗೆ ಹೋಗುತ್ತಿದ್ದವರೇ ಕ್ರಿಕೆಟ್‌ನವರು. ನಾನೂ ಹೋಗುತ್ತಿರಲಿಲ್ಲ, ಸುಮ್ನೆ ಈಗ ಗೋಳಾಡುತ್ತಿದ್ದೇನೆ.

ಗಾಡಿ ಹೊರಟಿತು, ಫೋನ್ ಬ್ಯಾಟರಿನೂ ಮುಗಿಯುತ್ತಿದೆ. ಅಯ್ಯೋ, ಮತ್ತೆ ನಿಲ್ಲಿಸಿದ. “ಅಕ್ಕಾ, ರಿಮೋಟ್ ಕೊಟ್ಟರೆ ಇನ್ನೂ 10 ಜಾಸ್ತಿ.”

ಕೊಟ್ಟೆ.